59 ಗೆಲುವಿನ ತೋಳು, 13 ವರ್ಷದ ಮೊಣಕೈ

ಪ್ರಶ್ನೆ: ನಾವು ದಾವಣಗೆರೆಯವರು. ಒಂಬತ್ತು ವರ್ಷದಿಂದ ಅಮೆರಿಕದ ರೋಡ್ ಐಲೆಂಡ್‌ನಲ್ಲಿದ್ದೇವೆ. ನಮ್ಮ 13 ವರ್ಷದ ಮಗನಿಗೆ ಬೇಸ್‌ಬಾಲ್ ಅಂದರೆ ಪ್ರಾಣ. ಶಾಲೆಯ ತಂಡದಲ್ಲೂ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು), ವಾರಾಂತ್ಯದ ಇನ್ನೊಂದು ತಂಡದಲ್ಲೂ ಪಿಚರ್. ಈಗ ಶಾಲೆಗೆ ಈ ಊರಿನ ಹಳೆಯ ತಂಡವಾದ ಪ್ರಾವಿಡೆನ್ಸ್ ಗ್ರೇಸ್ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದಾನೆ. 1884ರಲ್ಲಿ ಚಾರ್ಲ್ಸ್ ರ‍್ಯಾಡ್‌ಬರ್ನ್ ಎಂಬ ಪಿಚರ್ 73 ಪಂದ್ಯಗಳನ್ನು ಒಬ್ಬನೇ ಪೂರ್ತಿ ಎಸೆದನಂತೆ. ಒಂದು ಕಡೆ 59 ಗೆಲುವು ಅಂತಿದೆ, ಇನ್ನೊಂದು ಕಡೆ 60. "ಅವನಿಗೆ ಏನೂ ಆಗಲಿಲ್ಲ, ನನ್ನನ್ನು ಮಾತ್ರ ಯಾಕೆ 60 ಚೆಂಡಿಗೇ ನಿಲ್ಲಿಸ್ತಾರೆ?" ಅಂತ ಮಗ ಜಗಳ ತೆಗೆಯುತ್ತಾನೆ. ಎರಡು ವಾರದಿಂದ ಮೊಣಕೈ ಒಳಭಾಗ ನೋಯುತ್ತಿದೆ, ಆದರೂ ಆಡುತ್ತಿದ್ದಾನೆ. ಆಗಿನವರು ನಿಜಕ್ಕೂ ಅಷ್ಟು ಗಟ್ಟಿಗರಾ? ಇವನಿಗೆ ಏನು ಹೇಳಲಿ? ಪ್ರಾಜೆಕ್ಟಿನಲ್ಲಿ ಯಾವ ಸಂಖ್ಯೆ ಬರೆಯಲಿ?

ಉತ್ತರ: ಇದನ್ನು ಓದಿ ಮುಗಿಸುವ ಮೊದಲೇ ಒಂದು ಕೆಲಸ ಮಾಡಿ. ಎರಡೂ ತಂಡದ ಕೋಚ್‌ಗಳಿಗೆ ಫೋನ್ ಮಾಡಿ, ಮಗ ಸದ್ಯಕ್ಕೆ ಎಸೆಯುವುದಿಲ್ಲ ಅಂತ ತಿಳಿಸಿ. ಬೆಳೆಯುವ ಹುಡುಗನ ಮೊಣಕೈ ಒಳಭಾಗ ಎರಡು ವಾರ ನೋಯುತ್ತಿದ್ದರೆ ಅದನ್ನು ಸುಸ್ತು ಅಂತ ಬಿಡುವ ಹಾಗಿಲ್ಲ. ಮಕ್ಕಳ ಮೂಳೆ ಅಥವಾ ಕ್ರೀಡಾ ಗಾಯ ನೋಡುವ ವೈದ್ಯರಿಗೆ ಈ ವಾರವೇ ತೋರಿಸಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಎಸೆಯುವವರ ಭುಜ, ಮೊಣಕೈಗಳ ಫಿಸಿಯೋಥೆರಪಿ ಮಾಡಿಕೊಂಡು ಬಂದಿದ್ದೇನೆ. ಇಲ್ಲಿ ಕ್ರಿಕೆಟ್ ಹುಡುಗರು, ಕೆಲವು ವರ್ಷ ಅಮೆರಿಕದಲ್ಲಿ ಬೇಸ್‌ಬಾಲ್ ಹುಡುಗರು. ಅಲ್ಲಿದ್ದಾಗಲೇ ಹಳೆಯ ಪಿಚರ್‌ಗಳ ಲೆಕ್ಕ ಓದುವ ಅಭ್ಯಾಸ ಹತ್ತಿತು. ನಿಮ್ಮ ಮಗ ಕೇಳಿದ ಪ್ರಶ್ನೆಯನ್ನೇ ಅಲ್ಲಿನ ಎಷ್ಟೋ ಹುಡುಗರು ಕೇಳುತ್ತಿದ್ದರು. ಅದು ಒಳ್ಳೆಯ ಪ್ರಶ್ನೆ. "ಸುಮ್ನಿರು" ಅಂತ ಬಾಯಿ ಮುಚ್ಚಿಸಬೇಡಿ. ಉತ್ತರ ಅವನ ಪ್ರಾಜೆಕ್ಟಿನೊಳಗೇ ಇದೆ.

ಮೊದಲು ಸಂಖ್ಯೆಗಳು. ಅವು ಸುಳ್ಳಲ್ಲ. 1884ರಲ್ಲಿ ರ‍್ಯಾಡ್‌ಬರ್ನ್ 678 ಇನಿಂಗ್ಸ್‌ಗಿಂತ ಜಾಸ್ತಿ ಎಸೆದ. ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಶುರು ಮಾಡಿದ 73 ಪಂದ್ಯಗಳನ್ನೂ ಕೊನೆಯವರೆಗೆ ತಾನೇ ಎಸೆದ. ಗ್ರೇಸ್ ತಂಡ ಆ ವರ್ಷ ಗೆದ್ದದ್ದು 84 ಪಂದ್ಯ. ಬೇಸ್‌ಬಾಲ್‌ನಲ್ಲಿ ತಂಡದ ಪ್ರತಿ ಗೆಲುವನ್ನೂ ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ, ಅದರಲ್ಲಿ 59 ಇವನ ಲೆಕ್ಕಕ್ಕೆ. ಇವನೊಬ್ಬನೇ ಹೀಗಿದ್ದ ಅಂತಲೂ ಅಲ್ಲ. ವಿಲ್ ವೈಟ್ 1879ರಲ್ಲಿ ಸಿನ್ಸಿನಾಟಿ ಪರ 680 ಇನಿಂಗ್ಸ್ ಎಸೆದಿದ್ದ. ಚಿಕಾಗೋದ ಜಾನ್ ಕ್ಲಾರ್ಕ್‌ಸನ್ 1885ರಲ್ಲಿ 53 ಪಂದ್ಯ ಗೆದ್ದ. ಲೂಯಿವಿಲ್‌ನ ಗೈ ಹೆಕರ್ 1884ರಲ್ಲೇ 52 ಗೆದ್ದ. ಈಗ ಒಬ್ಬ ಪಿಚರ್ ವರ್ಷಕ್ಕೆ 20 ಗೆದ್ದರೆ ಅದೇ ದೊಡ್ಡ ಸುದ್ದಿ. 30 ದಾಟಿದ ಕೊನೆಯವನು ಡೆನಿ ಮೆಕ್‌ಲೇನ್, ಅದೂ 1968ರಲ್ಲಿ.

ಹಾಗಾದರೆ ಆಗಿನವರು ಬೇರೆ ಮಣ್ಣಿನಿಂದ ಮಾಡಿದವರಾ? ಇಲ್ಲ. ಅವರು ಆಡುತ್ತಿದ್ದ ಆಟವೇ ಬೇರೆಯದಾಗಿತ್ತು.

1876ರಲ್ಲಿ ನ್ಯಾಷನಲ್ ಲೀಗ್ ಶುರುವಾದಾಗ ಪಿಚರ್ ನಿಲ್ಲುತ್ತಿದ್ದದ್ದು ಬ್ಯಾಟರ್‌ನಿಂದ 45 ಅಡಿ ದೂರದಲ್ಲಿ. ಕೈಯನ್ನು ಸೊಂಟಕ್ಕಿಂತ ಮೇಲೆ ಎತ್ತದೆ, ಕೆಳಗಿನಿಂದ ಎಸೆಯಬೇಕಿತ್ತು. ಬ್ಯಾಟರ್ "ನನಗೆ ಮೇಲೆ ಹಾಕು" ಅಥವಾ "ಕೆಳಗೆ ಹಾಕು" ಅಂತ ಕೇಳಬಹುದಿತ್ತು. ಪಿಚರ್ ಅಲ್ಲಿಗೇ ಹಾಕಬೇಕು! ಈ ಕೇಳುವ ಹಕ್ಕು 1887ರವರೆಗೂ ಉಳಿದಿತ್ತು. 1881ರಲ್ಲಿ ದೂರ 50 ಅಡಿ ಆಯಿತು. 1883ರಲ್ಲಿ ಕೈಯನ್ನು ಭುಜದ ಮಟ್ಟದವರೆಗೆ ತರಬಹುದು ಅಂದರು. 1884ರಲ್ಲಿ ಎಲ್ಲ ನಿರ್ಬಂಧ ತೆಗೆದು, ಹೇಗೆ ಬೇಕಾದರೂ ಎಸೆಯಿರಿ ಅಂದರು. ಕ್ರಿಕೆಟ್‌ನಲ್ಲಿ ಕೈ ಮೇಲೆತ್ತಿ ಬೌಲ್ ಮಾಡಲು ಒಪ್ಪಿಗೆ ಸಿಕ್ಕಿದ್ದು 1864ರಲ್ಲಿ. ಬೇಸ್‌ಬಾಲ್ ಅಲ್ಲಿಗೆ ಬರಲು ಇನ್ನೂ 20 ವರ್ಷ ಬೇಕಾಯಿತು.

ಅಂದರೆ ಆಗಿನ ಸಾವಿರಾರು ಎಸೆತಗಳಲ್ಲಿ ಬಹಳಷ್ಟು ಈಗಿನ ಎಸೆತದ ಹಾಗೆ ಇರಲೇ ಇಲ್ಲ. ಎಲ್ಲ ಚೆಂಡಿಗೂ ಪೂರ್ತಿ ಬಲ ಹಾಕುವ ಅಗತ್ಯವೂ ಇರಲಿಲ್ಲ. ಚೆಂಡು ಮೆತ್ತಗಿತ್ತು, ಹೋಮ್ ರನ್ ಅಪರೂಪ. ಬೇಸ್‌ಗಳು (ರನ್ನಿಗಾಗಿ ಓಡುವವರು ಮುಟ್ಟುವ ಜಾಗಗಳು) ಖಾಲಿ ಇದ್ದಾಗ ಪಿಚರ್ ಸಲೀಸಾಗಿ ಹಾಕಿ ಬ್ಯಾಟರ್‌ಗೆ ಹೊಡೆಯಲು ಬಿಡುತ್ತಿದ್ದ, ಫೀಲ್ಡರ್‌ಗಳು ನೋಡಿಕೊಳ್ಳುತ್ತಿದ್ದರು. ಅಪಾಯ ಬಂದಾಗ ಮಾತ್ರ ಜೋರು. ಈಗಿನ ದೊಡ್ಡ ಲೀಗಿನಲ್ಲಿ ಸಾಮಾನ್ಯ ವೇಗದ ಎಸೆತವೇ ಗಂಟೆಗೆ 150 ಕಿಲೋಮೀಟರ್ ಆಸುಪಾಸು. ಪ್ರತಿ ಚೆಂಡಿಗೂ ಮೊಣಕೈ ಒಳಗಿನ ಕಟ್ಟು, ಅಂದರೆ ಲಿಗಮೆಂಟ್, ತನ್ನ ತಾಳಿಕೆಯ ಅಂಚಿನ ಹತ್ತಿರ ಹೋಗಿ ಬರುತ್ತದೆ.

ಕೆಳಗಿನಿಂದ ಎಸೆದರೆ ನೋವೇ ಬರಲ್ಲ ಅನ್ನುವ ಮಾತೂ ಪೂರ್ತಿ ನಿಜ ಅಲ್ಲ. ಈಗ ಸಾಫ್ಟ್‌ಬಾಲ್ ಆಡುವ ಹೆಣ್ಣುಮಕ್ಕಳು ಕೆಳಗಿನಿಂದಲೇ ಎಸೆಯುತ್ತಾರೆ. ಅವರ ಭುಜಗಳಿಗೂ ನಾನು ಚಿಕಿತ್ಸೆ ಮಾಡಿದ್ದೇನೆ.

ಇನ್ನೊಂದು ದೊಡ್ಡ ಕಾರಣ ತಂಡದಲ್ಲಿ ಜನ ಇಲ್ಲದ್ದು. ಹನ್ನೆರಡು ಹದಿಮೂರು ಆಟಗಾರರ ತಂಡ, ಅದರಲ್ಲಿ ಪಿಚರ್‌ಗಳು ಇಬ್ಬರು. ಶುರುವಿನಲ್ಲಿ ಒಬ್ಬನೇ. 1876ರಲ್ಲಿ ಸೇಂಟ್ ಲೂಯಿ ತಂಡದ ಜಾರ್ಜ್ ಬ್ರಾಡ್ಲಿ ತಂಡದ 64 ಪಂದ್ಯಗಳಲ್ಲೂ ಎಸೆದು 45 ಗೆದ್ದ. ಆಟದ ಮಧ್ಯೆ ಬದಲಿ ಆಟಗಾರನನ್ನು ಮನಸ್ಸು ಬಂದಂತೆ ಇಳಿಸುವ ಹಾಗಿರಲಿಲ್ಲ. ಆ ಸ್ವಾತಂತ್ರ್ಯ ಬಂದದ್ದು 1891ರಲ್ಲಿ. ತಂಡ ಗೆದ್ದರೆ ಗೆಲುವು ಯಾರ ಹೆಸರಿಗೆ ಹೋಗಬೇಕು? ಇದ್ದ ಒಬ್ಬನ ಹೆಸರಿಗೆ. ಆದ್ದರಿಂದ ಆ ಕಾಲದ 40, 50 ಗೆಲುವು ತೋಳಿನ ಶಕ್ತಿಯ ಅಳತೆ ಎಷ್ಟೋ, ತಂಡದಲ್ಲಿ ಬೇರೆ ಯಾರೂ ಇರಲಿಲ್ಲ ಅನ್ನುವುದಕ್ಕೆ ಸಾಕ್ಷಿಯೂ ಅಷ್ಟೇ.

ರ‍್ಯಾಡ್‌ಬರ್ನ್ ಕಥೆಯೂ ಇದೇ. ಇದನ್ನು ನಿಮ್ಮ ಮಗನ ಜೊತೆ ಕೂತು ಓದಿ.

1884ರ ಶುರುವಿನಲ್ಲಿ ಗ್ರೇಸ್‌ಗೆ ಇಬ್ಬರು ಪಿಚರ್‌ಗಳಿದ್ದರು. ರ‍್ಯಾಡ್‌ಬರ್ನ್ ಮತ್ತು ಚಾರ್ಲಿ ಸ್ವೀನಿ. ಸ್ವೀನಿ ಜೂನ್ 7ರಂದು ಬಾಸ್ಟನ್ ವಿರುದ್ಧ 19 ಜನರನ್ನು ಸ್ಟ್ರೈಕ್ ಔಟ್ ಮಾಡಿದ್ದ, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿದ್ದ ಹುಡುಗ. ಇಬ್ಬರಿಗೂ ಆಗುತ್ತಿರಲಿಲ್ಲ. ಜುಲೈ ಮಧ್ಯದಲ್ಲಿ ರ‍್ಯಾಡ್‌ಬರ್ನ್‌ನನ್ನು ತಂಡ ಅಮಾನತು ಮಾಡಿತ್ತು. ಜುಲೈ 22ರಂದು ಸ್ವೀನಿ ಎಸೆಯುತ್ತಿದ್ದಾಗ ಮ್ಯಾನೇಜರ್ ಫ್ರಾಂಕ್ ಬ್ಯಾನ್‌ಕ್ರಾಫ್ಟ್ ಅವನಿಗೆ ಫೀಲ್ಡಿಂಗ್‌ಗೆ ಹೋಗು ಅಂದರು. ಅವನು ಒಪ್ಪದೆ ಮೈದಾನ ಬಿಟ್ಟೇ ಹೋದ. ತಂಡ ಎಂಟೇ ಜನರಲ್ಲಿ ಆಡಿ ಸೋತಿತು. ಸ್ವೀನಿಯನ್ನು ತೆಗೆದುಹಾಕಿದರು. ತಂಡವನ್ನೇ ಮುಚ್ಚುವ ಮಾತು ಬಂತು. ಆಗ ರ‍್ಯಾಡ್‌ಬರ್ನ್ ಒಂದು ಷರತ್ತು ಹಾಕಿದ. ಉಳಿದ ಪಂದ್ಯ ನಾನು ಎಸೆಯುತ್ತೇನೆ, ಬದಲಿಗೆ ಹೆಚ್ಚು ಹಣ ಕೊಡಿ, ವರ್ಷ ಮುಗಿದ ಮೇಲೆ ನನ್ನನ್ನು ಕರಾರಿನಿಂದ ಬಿಡಿ. ಆಗ ಆಟಗಾರ ತಂಡದ ಆಸ್ತಿ ಇದ್ದ ಹಾಗೆ. ತನ್ನಿಷ್ಟಕ್ಕೆ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಒಬ್ಬ ಕೂಲಿಯವನು ತನ್ನ ಬಿಡುಗಡೆಗೆ ತೋಳನ್ನು ಒತ್ತೆ ಇಟ್ಟ ಅಂತಲೇ ನಾನು ಇದನ್ನು ಓದುತ್ತೇನೆ.

ಆಮೇಲೆ ಅವನು ದಿನ ಬಿಟ್ಟು ದಿನ, ಎಷ್ಟೋ ಸಲ ದಿನಾ ಎಸೆದ. ಸತತ 18 ಗೆದ್ದ. ಗ್ರೇಸ್ ಲೀಗ್ ಗೆದ್ದಿತು. ಆಮೇಲೆ ನ್ಯೂಯಾರ್ಕ್ ಮೆಟ್ರೋಪಾಲಿಟನ್ಸ್ ಜೊತೆ ನಡೆದ ಮೂರು ಪಂದ್ಯಗಳ ಸರಣಿಯಲ್ಲೂ ಮೂರನ್ನೂ ಇವನೇ ಎಸೆದು ಗೆದ್ದ.

"ಏನೂ ಆಗಲಿಲ್ಲ" ಅನ್ನುತ್ತಾನಲ್ಲ ನಿಮ್ಮ ಮಗ, ಅದಕ್ಕೆ ಬ್ಯಾನ್‌ಕ್ರಾಫ್ಟ್ ಮುಂದೆ ನೆನಪಿಸಿಕೊಂಡದ್ದನ್ನು ಕೇಳಿಸಿ. ಬೆಳಿಗ್ಗೆ ರ‍್ಯಾಡ್‌ಬರ್ನ್‌ಗೆ ತಲೆ ಬಾಚಲು ಕೈ ಎತ್ತಲಿಕ್ಕೂ ಆಗುತ್ತಿರಲಿಲ್ಲವಂತೆ. ಬೇರೆಯವರಿಗಿಂತ ಮೊದಲೇ ಮೈದಾನಕ್ಕೆ ಹೋಗುತ್ತಿದ್ದ. ಕೆಲವೇ ಅಡಿ ದೂರಕ್ಕೆ ಚೆಂಡು ಹಾಕುವುದರಿಂದ ಶುರು. ಮುಖ ಹಿಂಡಿಕೊಂಡು ಸ್ವಲ್ಪ ಸ್ವಲ್ಪವೇ ದೂರ ಹೆಚ್ಚಿಸುತ್ತಾ ಹೋಗುತ್ತಿದ್ದ. ಕೊನೆಗೆ ಔಟ್‌ಫೀಲ್ಡ್‌ನಿಂದ ಎಸೆಯಲು ಬಂದ ಮೇಲೆ, ಇವತ್ತೂ ಆಡಬಹುದು ಅಂತ ತಂಡ ಉಸಿರು ಬಿಡುತ್ತಿತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ನನ್ನ ಚಿಕಿತ್ಸಾ ಕೋಣೆಯ ಮುಖಗಳು ಕಣ್ಣ ಮುಂದೆ ಬಂದವು. ಬಿಸಿಯಾದ ತೋಳಿನಲ್ಲಿ ನೋವು ಕಮ್ಮಿ ಅನಿಸುತ್ತದೆ. ಒಳಗಿನ ಗಾಯ ಅಲ್ಲೇ ಇರುತ್ತದೆ.

ಆಗ ಅವನ ವಯಸ್ಸು 29. ಕಟುಕನ ಕೆಲಸ ಮಾಡಿ ಬೆಳೆದ ಗಟ್ಟಿ ಮೈ. ಆದರೂ ಮುಂದೆ ಯಾವ ವರ್ಷವೂ ಅವನು 30 ಗೆಲುವು ಮುಟ್ಟಲಿಲ್ಲ. 1891ರಲ್ಲಿ ಆಟ ಮುಗಿಯಿತು. 1897ರಲ್ಲಿ, 42ನೇ ವಯಸ್ಸಿಗೆ, ಇಲಿನಾಯ್ಸ್‌ನ ಬ್ಲೂಮಿಂಗ್ಟನ್‌ನಲ್ಲಿ ತೀರಿಕೊಂಡ. ಸಾವಿಗೂ ತೋಳಿಗೂ ಸಂಬಂಧ ಕಟ್ಟಲು ಹೋಗಬೇಡಿ. ಗೆಲುವಿನ ಪಟ್ಟಿ ಹೇಗೆ ಇಳಿಯಿತು ಅನ್ನುವುದೇ ಸಾಕು.

ಈಗ ಎಳೆಯರ ವಿಷಯಕ್ಕೆ ಬರೋಣ. ಪ್ರಾಜೆಕ್ಟಿನಲ್ಲಿ ಒಂದು ಪುಟ ಇದಕ್ಕೇ ಇಟ್ಟರೆ ನನಗೆ ಖುಷಿ.

ಲ್ಯಾರಿ ಕೊರ್ಕೊರನ್ 1880ರಲ್ಲಿ ಚಿಕಾಗೋ ಪರ 43 ಪಂದ್ಯ ಗೆದ್ದಾಗ ಅವನಿಗೆ ಇನ್ನೂ 21 ಆಗುತ್ತಿತ್ತು. ಎದುರಾಳಿಗೆ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಕೊಡದ ಪಂದ್ಯ ಮೂರು ಸಲ ಎಸೆದ. 1885ರಲ್ಲಿ ತೋಳು ಹೋಯಿತು. ಆಮೇಲೆ ಗೆದ್ದದ್ದು ಬೆರಳೆಣಿಕೆ. ಮ್ಯಾಟ್ ಕಿಲ್‌ರಾಯ್ 20ನೇ ವಯಸ್ಸಿಗೆ, 1886ರಲ್ಲಿ, ಬಾಲ್ಟಿಮೋರ್ ಪರ 513 ಸ್ಟ್ರೈಕ್ ಔಟ್ ಮಾಡಿದ. ಮರುವರ್ಷ 46 ಗೆಲುವು. ಎರಡೇ ವರ್ಷದಲ್ಲಿ 1,100 ಇನಿಂಗ್ಸ್ ದಾಟಿತ್ತು. ಅವನ ಒಟ್ಟು 141 ಗೆಲುವಿನಲ್ಲಿ 121 ಬಂದದ್ದು ಮೊದಲ ನಾಲ್ಕೇ ವರ್ಷದಲ್ಲಿ. ನಿಮ್ಮ ಪ್ರಾವಿಡೆನ್ಸ್ ತಂಡದವನೇ ಆದ ಜಾನ್ ಮಾಂಟ್‌ಗಮರಿ ವಾರ್ಡ್ 19ನೇ ವಯಸ್ಸಿಗೆ, 1879ರಲ್ಲಿ, 47 ಗೆದ್ದ. ಮರುವರ್ಷ ಒಬ್ಬರನ್ನೂ ಬೇಸ್ ಮುಟ್ಟಲು ಬಿಡದ ಪರ್ಫೆಕ್ಟ್ ಗೇಮ್ ಎಸೆದ. 25 ತುಂಬುವ ಮೊದಲೇ ಅವನ ಪಿಚಿಂಗ್ ಮುಗಿದಿತ್ತು. ಅವನು ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ಆದ, ವಕೀಲನಾದ, ಆಟಗಾರರ ಮೊದಲ ಸಂಘ ಕಟ್ಟಿದ. ವಾರ್ಡ್ ನನಗೆ ಬಹಳ ಇಷ್ಟದವನು. ತೋಳು ಹೋದರೂ ಆಟದಲ್ಲೇ ಇನ್ನೊಂದು ಬದುಕು ಕಟ್ಟಿಕೊಂಡ.

ತಾಳಿದವರೂ ಇದ್ದರು, ಅದನ್ನು ಮುಚ್ಚಿಡುವುದು ಬೇಡ. ಪಡ್ ಗ್ಯಾಲ್ವಿನ್ 6,000 ಇನಿಂಗ್ಸ್ ಎಸೆದು, 1888ರಲ್ಲಿ 300 ಗೆಲುವು ಮುಟ್ಟಿದ ಮೊದಲಿಗನಾದ. ಕಿಡ್ ನಿಕೋಲ್ಸ್ 1890ರಿಂದ 1899ರೊಳಗೆ 297 ಗೆದ್ದ. ಸೈ ಯಂಗ್ 511 ಗೆದ್ದು ಎಲ್ಲರಿಗಿಂತ ಮುಂದಿದ್ದಾನೆ, ಅದರಲ್ಲಿ 286 ಗೆಲುವು 1900ರವರೆಗಿನವು. ಕೆಲವರ ದೇಹ ಹಾಗಿರುತ್ತದೆ. ಯಾರದ್ದು ಹಾಗಿದೆ ಅಂತ 13ನೇ ವಯಸ್ಸಿಗೆ ನೋಡಿ ಹೇಳುವ ಪರೀಕ್ಷೆ ನನ್ನ ಹತ್ತಿರ ಇಲ್ಲ, ಬೇರೆ ಯಾರ ಹತ್ತಿರವೂ ಇಲ್ಲ. ತಾಳಿ ಉಳಿದವರ ಹೆಸರು ಪಟ್ಟಿಯಲ್ಲಿ ಮೇಲೆ ಕಾಣುತ್ತದೆ. ಒಂದೆರಡು ವರ್ಷಕ್ಕೆ ಮುಗಿದವರನ್ನು ಹುಡುಕಿಕೊಂಡು ಹೋಗಬೇಕು.

ಪಟ್ಟಿಗೆ ಬರಲು ಬಿಡದೇ ಇದ್ದವರೂ ಇದ್ದರು. ಜಾರ್ಜ್ ಸ್ಟೋವಿ ಎಂಬ ಕಪ್ಪು ಪಿಚರ್ 1887ರಲ್ಲಿ ನ್ಯೂಆರ್ಕ್ ಪರ ಇಂಟರ್‌ನ್ಯಾಷನಲ್ ಲೀಗಿನಲ್ಲಿ 30ಕ್ಕಿಂತ ಜಾಸ್ತಿ ಗೆದ್ದ. ಅದೇ ಬೇಸಿಗೆಯಲ್ಲಿ ಆ ಲೀಗಿನ ಮಾಲೀಕರು ಇನ್ನು ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಕರಾರು ಬೇಡ ಅಂತ ಮತ ಹಾಕಿದರು. "ಆ ಕಾಲದ ಅತಿ ದೊಡ್ಡ ಪಿಚರ್‌ಗಳು" ಅಂತ ಮಗ ಬರೆಯುವಾಗ ಈ ಹೆಸರೂ ಇರಲಿ.

1893ರಲ್ಲಿ ಪಿಚರ್ ನಿಲ್ಲುವ ಜಾಗ 60 ಅಡಿ 6 ಅಂಗುಲಕ್ಕೆ ಹೋಯಿತು, ಈಗಲೂ ಅಲ್ಲೇ ಇದೆ. ಹತ್ತೂವರೆ ಅಡಿ ಹಿಂದೆ ಹೋಯಿತು ಅಂತ ಎಷ್ಟೋ ಕಡೆ ಬರೆಯುತ್ತಾರೆ. ಹಳೆಯ 50 ಅಡಿ ಅಳೆಯುತ್ತಿದ್ದದ್ದು ಪಿಚರ್ ನಿಲ್ಲುವ ಚೌಕದ ಮುಂದಿನ ಗೆರೆಯಿಂದ. 1887ರಿಂದ ಹಿಂದಿನ ಕಾಲು ಹಿಂದಿನ ಗೆರೆಯ ಮೇಲೆ, 55 ಅಡಿ 6 ಅಂಗುಲದಲ್ಲಿ, ಇರಬೇಕಿತ್ತು. ಆದ್ದರಿಂದ ನಿಜವಾದ ವ್ಯತ್ಯಾಸ ಐದು ಅಡಿ. ಆ ಐದೇ ಅಡಿಗೆ ಲೀಗಿನ ಬ್ಯಾಟಿಂಗ್ ಸರಾಸರಿ (ಬ್ಯಾಟರ್‌ಗಳು ಹಿಟ್ ಹೊಡೆದ ಪ್ರಮಾಣ) 1892ರ .245ರಿಂದ 1894ರಲ್ಲಿ .309ಕ್ಕೆ ಏರಿತು. ಪ್ರತಿ ಚೆಂಡಿಗೂ ಜಾಸ್ತಿ ಬಲ ಬೇಕಾಯಿತು. ತಂಡಗಳು ಮೂರು, ನಾಲ್ಕು ಪಿಚರ್‌ಗಳನ್ನು ಇಟ್ಟುಕೊಂಡವು. 50 ಗೆಲುವಿನ ಕಾಲ ಅಷ್ಟರಲ್ಲೇ ಮುಗಿದಿತ್ತು, ಮತ್ತೆ ಬರಲೇ ಇಲ್ಲ.

ಈಗ ನಿಮ್ಮ ಮಗನ ಮೊಣಕೈ. ರ‍್ಯಾಡ್‌ಬರ್ನ್‌ಗೂ ಇವನಿಗೂ ಇರುವ ದೊಡ್ಡ ವ್ಯತ್ಯಾಸ ಮೂಳೆಯಲ್ಲಿದೆ. 13ನೇ ವಯಸ್ಸಿಗೆ ಮೊಣಕೈ ಒಳಭಾಗದ ಉಬ್ಬಿದ ಮೂಳೆ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ನಡುವೆ ಬೆಳವಣಿಗೆಯ ಮೆದು ಪದರ ಇರುತ್ತದೆ. ದೊಡ್ಡವರಲ್ಲಿ ಎಳೆತ ಜಾಸ್ತಿಯಾದರೆ ಕಟ್ಟು ಹರಿಯುತ್ತದೆ. ಮಕ್ಕಳಲ್ಲಿ ಅದಕ್ಕಿಂತ ಮೊದಲು ಈ ಪದರ ಕೆರಳುತ್ತದೆ, ಕೆಲವೊಮ್ಮೆ ಮೂಳೆಯ ಚೂರೇ ಕಿತ್ತು ಬರುತ್ತದೆ. ಅಮೆರಿಕದಲ್ಲಿ ಇದಕ್ಕೆ ಲಿಟಲ್ ಲೀಗ್ ಎಲ್ಬೋ ಅನ್ನುತ್ತಾರೆ. ನನ್ನ ಹತ್ತಿರ ಬಂದ ಒಬ್ಬ ಹುಡುಗ ನೋವೇ ಇಲ್ಲ ಅಂತ ವಾದಿಸುತ್ತಿದ್ದ. ನೀರಿನ ಬಾಟಲಿ ಕೊಟ್ಟು ಮುಚ್ಚಳ ತೆಗಿ ಅಂದೆ. ಎಡಗೈಯಲ್ಲಿ ತೆಗೆದ. ಬಲಗೈಯಲ್ಲಿ ತೆಗಿ ಅಂದಾಗ ಕಣ್ಣಲ್ಲಿ ನೀರು ಬಂತು. ಅವನ ಅಮ್ಮ ಅಲ್ಲೇ ಕೂತಿದ್ದರು.

ನಿಮ್ಮ ಮುಂದೆ ಮೂರು ದಾರಿ ಇವೆ. ಒಂದು, ನೋವು ನುಂಗಿ ಆಟ ಮುಂದುವರಿಸುವುದು. ನೋವಿನ ಮಾತ್ರೆ, ಐಸ್ ಇಟ್ಟುಕೊಂಡು ವರ್ಷ ಮುಗಿಸುವವರು ಬಹಳ ಜನ. ಇದನ್ನು ನಾನು ಒಪ್ಪುವುದಿಲ್ಲ. ವಾರಗಳಲ್ಲಿ ವಾಸಿಯಾಗುವುದು ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು.

ಎರಡು, ಎಸೆಯುವುದು ಬಿಟ್ಟು ಬ್ಯಾಟಿಂಗ್, ಫಸ್ಟ್ ಬೇಸ್ ಅಂತ ಆಡುವುದು. ವೈದ್ಯರು ಎಕ್ಸ್‌ರೇ ನೋಡಿ ಒಪ್ಪಿದರೆ ಇದು ಒಳ್ಳೆಯ ದಾರಿ, ಹುಡುಗ ತಂಡದ ಜೊತೆಗೇ ಇರುತ್ತಾನೆ. ಅಪಾಯ ಏನಂದರೆ, ಆಟದ ಬಿಸಿಯಲ್ಲಿ ಇವನು ಜೋರಾಗಿ ಎಸೆದೇ ಎಸೆಯುತ್ತಾನೆ. ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಜಾಗಕ್ಕಂತೂ ಹಾಕಬೇಡಿ. ಅವರು ಪಿಚರ್‌ನಷ್ಟೇ ಎಸೆಯುತ್ತಾರೆ.

ಮೂರು, ಪೂರ್ತಿ ವಿಶ್ರಾಂತಿ, ಆಮೇಲೆ ಹಂತ ಹಂತವಾಗಿ ವಾಪಸ್. ನಾನಾದರೆ ಇದನ್ನೇ ಆರಿಸುತ್ತೇನೆ. ಇದರಲ್ಲಿ ಹೋಗುವುದು ಈ ಸೀಸನ್ ಮತ್ತು ಹುಡುಗನ ಮನಸ್ಸಿನ ನೆಮ್ಮದಿ. ಅದು ಸಣ್ಣ ನಷ್ಟ ಅಂತ ಅವನಿಗೆ ಹೇಳಬೇಡಿ. ಅವನಿಗೆ ಅದು ದೊಡ್ಡದೇ.

ವಾಪಸ್ ಬಂದ ಮೇಲೆ ಲೆಕ್ಕ ನೀವೇ ಇಡಿ. ನಿಮ್ಮ ಪತ್ರದಲ್ಲಿ ನನಗೆ ಕಂಡ ನಿಜವಾದ ತೊಂದರೆ ಇದು. 60ಕ್ಕೆ ನಿಲ್ಲಿಸುವ ಕೋಚ್ ಸರಿಯಾಗೇ ಮಾಡುತ್ತಿದ್ದಾರೆ. ಆದರೆ ಇರುವುದು ಎರಡು ತಂಡ, ಎಸೆತದ ಲೆಕ್ಕಕ್ಕೆ ಎರಡು ಪುಸ್ತಕ. ತೋಳು ಒಂದೇ ಅಲ್ವಾ? ಅಮೆರಿಕದ ಪಿಚ್ ಸ್ಮಾರ್ಟ್ ಮಾರ್ಗಸೂಚಿ ಪ್ರಕಾರ 13, 14ರ ವಯಸ್ಸಿಗೆ ದಿನಕ್ಕೆ 95 ಎಸೆತ ಮೇಲ್ಮಿತಿ. 51ರಿಂದ 65 ಎಸೆದರೆ ಮೂರು ದಿನ ವಿಶ್ರಾಂತಿ, 66 ದಾಟಿದರೆ ನಾಲ್ಕು ದಿನ. ಶುಕ್ರವಾರ ಶಾಲೆಗೆ 60 ಎಸೆದರೆ ಶನಿ, ಭಾನು, ಸೋಮ ಬಿಟ್ಟು ಮಂಗಳವಾರವೇ ಮತ್ತೆ. ವಾರಾಂತ್ಯದ ತಂಡಕ್ಕೆ ಅವನು ಆ ವಾರ ಪಿಚರ್ ಆಗಲು ಸಾಧ್ಯವೇ ಇಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಎಸೆತಕ್ಕೇ ರಜೆ, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ. ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿ, ಅವನ ಕೈಯಲ್ಲೇ ಬರೆಸಿ. ಲೆಕ್ಕ ಇಷ್ಟಪಡುವ ಹುಡುಗ, ಬರೆಯುತ್ತಾನೆ.

ಕೊನೆಗೆ 59ಓ, 60ಓ. ಜುಲೈ 28, 1884ರಂದು ಫಿಲಡೆಲ್ಫಿಯಾ ವಿರುದ್ಧ ಸೈಕ್ಲೋನ್ ಮಿಲ್ಲರ್ ಎಂಬುವನು ಮೊದಲ ಐದು ಇನಿಂಗ್ಸ್ ಎಸೆದ. ತಂಡ ಮುಂದಿತ್ತು. ಉಳಿದ ನಾಲ್ಕನ್ನು ರ‍್ಯಾಡ್‌ಬರ್ನ್ ಎಸೆದ. ಸ್ಕೋರರ್ ಗೆಲುವನ್ನು ರ‍್ಯಾಡ್‌ಬರ್ನ್ ಹೆಸರಿಗೆ ಬರೆದರು. ಶುರು ಮಾಡಿದ ಪಿಚರ್ ಐದು ಇನಿಂಗ್ಸ್ ಎಸೆದು ತಂಡ ಮುಂದಿದ್ದರೆ ಗೆಲುವು ಅವನದು ಅನ್ನುವ ಲಿಖಿತ ನಿಯಮ ಬಂದದ್ದು 1950ರಲ್ಲಿ. ಆ ನಿಯಮ ಹಚ್ಚಿದರೆ 59, ಅಂದಿನ ಸ್ಕೋರರ್ ಬರೆದಂತೆ 60. ಎರಡನ್ನೂ ಬರೆಯಲಿ, ಪಕ್ಕದಲ್ಲಿ ಮಿಲ್ಲರ್ ಹೆಸರನ್ನೂ ಬರೆಯಲಿ. ತಲೆ ಬಾಚಲು ಕೈ ಏಳದ ಆ ದಿನಗಳಲ್ಲಿ ರ‍್ಯಾಡ್‌ಬರ್ನ್‌ಗೆ ಐದು ಇನಿಂಗ್ಸ್ ಬಿಡುವು ಕೊಟ್ಟವನು ಅವನು.